ಹಂಗಾರಕಟ್ಟೆಯಿಂದ ಬಂದ ಬೀಜ

ಕೊಕ್ಕರ್ಣೆಯ ದುಗ್ಗಪ್ಪ ಶೆಟ್ಟರ ಮನೆಯಲ್ಲಿ ಊಟಕ್ಕೆ ಮೊದಲು ಜಗಳ ಶುರುವಾದ ಉದಾಹರಣೆ ಕಡಿಮೆ. ಹೊಟ್ಟೆಗೆ ಬಿದ್ದ ಮೇಲೆಯೇ ಗಂಟಲಿಗೆ ಬಲ ಬರುವ ಜನ ಅವರು. ಆದರೆ ಮೇ ತಿಂಗಳ ಆ ಬೆಳಿಗ್ಗೆ ಗಂಜಿ ಬಟ್ಟಲಿಗೆ ಬೀಳುವ ಮುಂಚೆಯೇ ಮಾತು ಏರಿತು. ಕಾರಣ, ಗಂಜಿಯ ಪಾತ್ರೆಯೊಳಗೆ ಬಿದ್ದ ಒಂದು ಹಾತೆ.

ಉಗುರಿನಷ್ಟೂ ಇಲ್ಲದ, ಒಣಹುಲ್ಲಿನ ಬಣ್ಣದ ಹಾತೆ. ಮೊಮ್ಮಗಳು ಪ್ರಣೀತಾ ಅದನ್ನು ಚಮಚದಲ್ಲಿ ಎತ್ತಿ ಕಿಟಕಿಯ ಹೊರಗೆ ಎಸೆದಳು. ಪದವಿಯ ಕೊನೆಯ ವರ್ಷದ ಹುಡುಗಿ, ರಜೆಯಲ್ಲಿ ಮನೆಯಲ್ಲಿದ್ದಳು.

"ಅಜ್ಜಿ, ಇದ್ ಎರಡ್ನೇದ್. ನಿನ್ನೆ ಸಂಜಿಗೆ ದೀಪದ ಹತ್ರ ನಾಕೈದ್ ಹಾರ್ತಾ ಇದ್ದೊ."

"ಎಲ್ಲಿಂದ ಬಂದ್ದ್ ಕಂಡ್ಯಾ?" ಕುಸುಮಕ್ಕ ಕೇಳಿದರು.

"ಮೇಲಿಂದ. ಅಟ್ಟದಿಂದ."

ಕುಸುಮಕ್ಕ ತಲೆಯೆತ್ತಿ ಅಟ್ಟವನ್ನು ನೋಡಿದರು. ಅಡುಗೆಮನೆಯ ಮೇಲಿನ ಆ ಅಟ್ಟದಲ್ಲಿ ಬೀಜದ ಮುಡಿ ತೂಗುಹಾಕಿತ್ತು. ಒಣಹುಲ್ಲನ್ನು ಹಾಸಿ, ನಡುವೆ ಭತ್ತ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತ ಬಿಗಿದು ಕಟ್ಟಿದ ಉರುಟು ಮುಡಿ. ಮಳೆ ಹಿಡಿದ ಕೂಡಲೇ ಅದನ್ನು ಇಳಿಸಿ, ಕೆರೆಯಲ್ಲಿ ನೆನೆಸಿ, ಸಸಿ ಏಳಲು ಅಗೆ ಹಾಕಬೇಕು. ಅದಕ್ಕೆ ಇನ್ನು ಮೂರು ವಾರವೂ ಇರಲಿಲ್ಲ.

"ರಾಜೇಂದ್ರ, ಏಣಿ ತಾ."

"ಗಂಜಿ ಉಂಡ್ಕಂಡ್ ತತ್ತೆ ಅಮ್ಮ. ನಂಗೆ ಹೋಟ್ಲಿಗೆ ಹೊತ್ತಾಯ್ತ್."

"ಗಂಜಿ ಎಲ್ಲಿಗೂ ಓಡುದಿಲ್ಲ. ಏಣಿ ತಾ."

ಮಗ ರಾಜೇಂದ್ರ ಇಪ್ಪತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ, ಈಗ ಬ್ರಹ್ಮಾವರದ ಪೇಟೆಯಲ್ಲಿ ಸಣ್ಣದೊಂದನ್ನು ಇಟ್ಟುಕೊಂಡವನು. ಹತ್ತು ಜನ ಕೆಲಸದವರನ್ನು ಗದರಿಸುತ್ತಾನೆ, ಅಮ್ಮ ಏಣಿ ಅಂದರೆ ಏಣಿ ತರುತ್ತಾನೆ. ಮುಡಿ ಕೆಳಗಿಳಿಯಿತು. ಹಗ್ಗ ಬಿಚ್ಚಿ ಹುಲ್ಲು ಸರಿಸಿದ್ದೇ ತಡ, ಹಾತೆಗಳು ಒಟ್ಟಿಗೆ ಎದ್ದು ಎಲ್ಲರ ಮುಖದ ಮೇಲೆ ಹಾರಿದವು. ಕುಸುಮಕ್ಕ ಒಂದು ಹಿಡಿ ಭತ್ತ ತೆಗೆದರು. ಕಾಳು ಕಾಳಿಗೂ ಸೂಜಿಯಿಂದ ಚುಚ್ಚಿದಂತೆ ಒಂದು ತೂತು. ಬೆರಳಲ್ಲಿ ಒತ್ತಿದರೆ ಒಳಗೆ ಅಕ್ಕಿ ಇಲ್ಲ, ಬರೀ ಹಿಟ್ಟು.

ಆಮೇಲೆ ಕುಸುಮಕ್ಕ ಗಂಡನ ಕಡೆ ತಿರುಗಿ, ಸೊಸೆಗೆ ಕೇಳುವ ಹಾಗೆ ಹೇಳಿದರು. "ಒಲಿ ಇಪ್ಪತಿಗೆ ಹೀಂಗೆ ಆದ್ದ್ ಕಂಡಿದ್ರ್ಯಾ ನೀವ್?"

"ನಾ ಎಂತ ಕಂಡಿದೆ? ನಾ ಕಂಡದ್ದ್ ಬಟ್ಲ್ ಮಾತ್ರ," ಎಂದರು ದುಗ್ಗಪ್ಪ ಶೆಟ್ಟರು.

ಸೊಸೆ ಸ್ನೇಹಲತಾ ಬೈಂದೂರಿನ ಹತ್ತಿರದ ಯಡ್ತರೆಯವಳು. ಮಾತು ಕಡಿಮೆ, ಆದರೆ ಇದ್ದದ್ದು ನೇರ. "ಅತ್ತೆ, ಹೇಳುದಿದ್ರೆ ನಂಗೇ ಹೇಳಿ. ಮಾವನ ಹತ್ರ ಎಂತಕೆ?"

"ಹೇಳುಕೆ ಎಂತ ಇತ್ತ್? ಹೊಗಿ ಹೋಯ್ತ್, ಹುಳ ಬಂತ್."

"ನಂಗೆ ಉಬ್ಬಸ. ಆ ಹೊಗಿಯಗೆ ಇನ್ನೊಂದ್ ವರ್ಷ ನಿಂತಿದ್ರೆ ಮುಡಿ ಬದ್ಲಿಗೆ ನನ್ನನ್ನೇ ಅಟ್ಟಕ್ಕೆ ಹಾಕ್ಕಾತಿತ್ತ್."

ಕಳೆದ ಅಕ್ಟೋಬರಿನಲ್ಲಿ ಸೌದೆ ಒಲೆ ಒಡೆಸಿ, ಕಪ್ಪು ಕಲ್ಲಿನ ಕಟ್ಟೆ ಹಾಕಿಸಿ, ಗ್ಯಾಸು ಇಟ್ಟದ್ದು ಸ್ನೇಹಲತಾ. ಮೂರು ತಲೆಮಾರಿನ ಮಸಿ ಹಿಡಿದಿದ್ದ ಗೋಡೆಗೆ ಬಿಳಿ ಬಣ್ಣ ಬಂದಿತ್ತು. ಅಂದಿನಿಂದ ಕುಸುಮಕ್ಕನ ಹೊಟ್ಟೆಯಲ್ಲಿ ಒಂದು ಮಾತು ಬೂದಿ ಮುಚ್ಚಿದ ಕೆಂಡದ ಹಾಗೆ ಕೂತಿತ್ತು, ಅದು ಈಗ ಹೊರಗೆ ಬಂತು.

"ಅರೇ, ಖಾಲಿ ಪೀಲಿ ಎಂತಕೆ ಗಲಾಟಿ?" ರಾಜೇಂದ್ರನ ನಾಲಿಗೆಯಿಂದ ಮುಂಬಯಿ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಸೊಸೈಟಿಂದ ಬೀಜ ತಂದ್ ಹಾಕುವ. ಎಕ್ರಿಗೆ ಇದ್ರ ಎರಡ್ ಪಾಲ್ ಬತ್ತ್. ಈ ಕಜೆ ಹಾಕಿ ನಂಗೆ ಗೊಬ್ರದ ಖರ್ಚ್ ಸಹ ಹುಟ್ಟುದಿಲ್ಲ."

ಕುಸುಮಕ್ಕ ಹಿಡಿಯಲ್ಲಿದ್ದ ಭತ್ತವನ್ನು ಮತ್ತೆ ಮುಡಿಯೊಳಗೆ ಹಾಕಿ ಕೈ ಕೊಡವಿ ಎದ್ದರು. ಆ ದಿನ ಅವರು ಗಂಜಿ ಉಣ್ಣಲಿಲ್ಲ.

*

ಆ ಬೀಜದ ಕತೆ ಹೇಳದಿದ್ದರೆ ಈ ಸಿಟ್ಟು ಅರ್ಥವಾಗುವುದಿಲ್ಲ.

ಕುಸುಮಕ್ಕನ ತವರು ಹಂಗಾರಕಟ್ಟೆಯ ಹತ್ತಿರ, ಹೊಳೆಯ ಬದಿ. ನಲವತ್ತೊಂಬತ್ತು ವರ್ಷಗಳ ಹಿಂದೆ ಮದುವೆಯಾಗಿ ಬರುವಾಗ ಅವರ ಅಮ್ಮ ಬಂಗಾರದ ಜೊತೆ ಒಂದು ಚಿಕ್ಕ ಬೀಜದ ಮುಡಿಯನ್ನೂ ಕೊಟ್ಟರು. ಕೆಂಪಕ್ಕಿಯ ಕಜೆ ಭತ್ತ, ಆ ಮನೆಯಲ್ಲಿ ಅಜ್ಜಿಯಿಂದ ಮಗಳಿಗೆ ಬಂದದ್ದು. ಹೊಳೆಯನ್ನು ದೋಣಿಯಲ್ಲಿ ದಾಟಿ ಬಸ್ಸು ಹತ್ತಿದಾಗ ಹೊಸ ಮದುಮಗಳು ಆ ಮುಡಿಯನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರಂತೆ. ಕಂಡಕ್ಟರ್ ಮುಡಿಗೂ ಅರ್ಧ ಟಿಕೆಟ್ ಹರಿದ. ದುಗ್ಗಪ್ಪ ಶೆಟ್ಟರು ಈಗಲೂ ಹೇಳುವುದುಂಟು, "ನನ್ ಮದಿಗೆ ದಿಬ್ಬಣದಗೆ ಎರಡೂವರಿ ಟಿಕೇಟ್."

ದೋಣಿ ಹತ್ತುವಾಗ ಅಮ್ಮ ಒಂದು ಮಾತು ಹೇಳಿದ್ದರು. "ಮೂರ್ ಬಿಸ್ಲ್, ಮೂರ್ ಇಬ್ನಿ. ಆಮೇಲೆ ಬೆಳಿಗ್ಗೆ ತಣ್ಣಗೆ ಆದ್ ಮೇಲೆ ಕಟ್ಟ್. ಬಿಸಿ ಭತ್ತ ಕಟ್ರೆ ಮುಡಿ ಒಳ್ಗೇ ಬೆಮುರ್ತ್, ಹುಳ ಆತ್ತ್. ಕೈ ಹಾಕಿ ಕಾಣ್. ನಿನ್ ಕೈ ಒಂದನ್ನೇ ನಂಬ್, ಮತ್ತ್ಯಾರ ಕೈಯೂ ನಂಬ್ಬ್ಯಾಡ."

ಕುಸುಮಕ್ಕ ಬೇರೆ ಯಾರ ಕೈಯನ್ನೂ ನಂಬಲಿಲ್ಲ. ಪ್ರತಿ ವರ್ಷ ಅಂಗಳದಲ್ಲಿ ಚಾಪೆ ಹಾಸಿ ಬೀಜದ ಭತ್ತವನ್ನು ಮೂರು ಬಿಸಿಲಿಗೆ, ಮೂರು ಇಬ್ಬನಿಗೆ ಒಡ್ಡಿ, ಕೊನೆಯ ದಿನ ಕಾಗೆ ಕೂಗುವ ಹೊತ್ತಿಗೆ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡುತ್ತಿದ್ದರು. ಅವರು "ಹ್ಞಾಂ" ಅಂದರೆ ಮಾತ್ರ ಮುಡಿ ಕಟ್ಟಲು ಬರುತ್ತಿದ್ದ ಬಾಗಿ ಎಂಬಾಕೆ ಹುಲ್ಲು ಹಾಸುತ್ತಿದ್ದಳು. ನಲವತ್ತೆಂಟು ಮುಡಿಗಳಲ್ಲಿ ಒಂದಕ್ಕೂ ಹುಳ ಬರಲಿಲ್ಲ.

ಒಂದು ಕಾಲದಲ್ಲಿ ಆಚೀಚೆಯ ಇಪ್ಪತ್ತು ಮನೆಯವರು ಬೀಜಕ್ಕೆ ಇಲ್ಲಿಗೇ ಬರುತ್ತಿದ್ದರು. ಒಂದು ಸೇರು ಒಯ್ದವರು ಕೊಯ್ಲಾದ ಮೇಲೆ ಒಂದೂವರೆ ಸೇರು ತಂದು ಸುರಿದು, ಚಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಕಜೆ ಅನ್ನ ಬೇಯುವ ಘಮ ಮಾರ್ಗದವರೆಗೆ ಹೋಗುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, "ಹ್ವಾಯ್ ಕುಸ್ಮಕ್ಕ, ಗಂಜಿ ಆಯ್ತಾ?" ಎಂದು ಕೇಳಿದರೆ ಅದು ಕುಶಲ ವಿಚಾರಣೆಯಲ್ಲ, ತಿಳಿದವರಿಗೆ ತಿಳಿಯುತ್ತಿತ್ತು. ಒಳಗೆ ಕರೆದು ಒಂದು ಬಟ್ಟಲು ಗಂಜಿ, ಮೇಲೊಂದು ತುಂಡು ಮಾವಿನ ಮಿಡಿ ಕೊಡಲೇಬೇಕು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಜೆ ಬಿಟ್ಟರು. ಕೆಲವರು ಗದ್ದೆಯನ್ನೇ ಬಿಟ್ಟರು. ಕೊನೆಗೆ ಆ ಬೀಜ ಉಳಿದದ್ದು ಒಂದೇ ಅಟ್ಟದಲ್ಲಿ, ಒಂದೇ ಮುಡಿಯಲ್ಲಿ. ಹಂಗಾರಕಟ್ಟೆಯ ತವರಿನಲ್ಲೂ ಈಗ ಅದು ಇಲ್ಲ.

*

ಸ್ನೇಹಲತಾಳ ಸಿಟ್ಟು ಮಾತಿನಲ್ಲಿ ಬರುವುದಿಲ್ಲ, ಉಪ್ಪಿಟ್ಟಿನಲ್ಲಿ ಬರುತ್ತದೆ. ಮರುದಿನ ಬೆಳಿಗ್ಗೆ ಉಪ್ಪಿಟ್ಟು. ಅದರ ಮರುದಿನವೂ ಉಪ್ಪಿಟ್ಟು. ನಾಲ್ಕನೇ ದಿನ ದುಗ್ಗಪ್ಪ ಶೆಟ್ಟರು ತಟ್ಟೆ ನೋಡಿ ನಿಟ್ಟುಸಿರು ಬಿಟ್ಟರು.

"ಸ್ನೇಹ, ನೀರ್ ದ್ವಾಸಿ ಕಾವ್ಲಿ ಒಡ್ದ್ ಹೋಯ್ತಾ?"

"ಇಲ್ಲ ಮಾವ. ಒಲಿ ಹಾಳ್ ಮಾಡ್ದವ್ಳ್ ಕಾವ್ಲಿ ಮುಟ್ಟುದ್ ಬ್ಯಾಡ ಅಂದೇಳಿ."

ಕುಸುಮಕ್ಕ ತಲೆ ತಗ್ಗಿಸಿ ಉಪ್ಪಿಟ್ಟು ತಿಂದರು. ಅತ್ತೆ ಸೊಸೆ ಮಾತಾಡುವುದನ್ನು ನಿಲ್ಲಿಸಲಿಲ್ಲ. "ಹಾಲ್ ಬಂತಾ", "ಉಪ್ಪ್ ಎಲ್ಲಿತ್ತ್", ಅಷ್ಟು. ಅದಕ್ಕಿಂತ ನಿಲ್ಲಿಸಿದ್ದರೇ ಚೆನ್ನಾಗಿತ್ತು.

ನಡುವೆ ಪ್ರಣೀತಾ ಒಂದು ದಾರಿ ಹೇಳಿದಳು. "ಎಲ್ಲ ಕಾಳೂ ಹಾಳಾಯ್ತ್ ಅಂತ ಹೇಳುಕೆ ಆತ್ತಿಲ್ಲ. ನೂರ್ ಕಾಳ್ ಒದ್ದಿ ಬಟ್ಟಿಯಗೆ ಕಟ್ಟಿ ಇಡ್ವ. ಎಷ್ಟ್ ಮೊಳ್ಕಿ ಬತ್ತ್ ಕಾಂಬ."

"ಇದ್ನ ಕಾಲೇಜಗೆ ಕಲ್ಸಿದ್ದಾ?" ದುಗ್ಗಪ್ಪ ಶೆಟ್ಟರು ನಕ್ಕರು. "ನನ್ನಬ್ಬಿ ಬಾಳಿ ಎಲಿಯಗೆ ಕಟ್ಟಿ ಬಚ್ಲ ಬದಿಗೆ ಇಡ್ತಿದ್ರ್. ಅದೇ."

ರಾಜೇಂದ್ರ ಷರತ್ತು ಹಾಕಿದ. "ಆಯ್ತ್. ನೂರ್ರಗೆ ಅರ್ವತ್ತ್ ಬಂದ್ರೆ ಕಜೆ. ಇಲ್ದಿರೆ ಸೊಸೈಟಿ ಬೀಜ. ಮತ್ತೆ ಈ ಮುಡಿ ಸುದ್ದಿ ಈ ಮನಿಯಗೆ ಇಲ್ಲ. ಒಪ್ಗಿ ಅಮ್ಮ?"

ಕುಸುಮಕ್ಕ ಮುಡಿಯ ಕಡೆ ಒಮ್ಮೆ ನೋಡಿ, "ಒಪ್ಗಿ," ಎಂದರು. ಐವತ್ತು ವರ್ಷದ ಬೀಜ ಒಂದು ಒದ್ದೆ ಬಟ್ಟೆಯ ಗಂಟಿಗೆ ಬಂದು ನಿಂತಿತು.

ಅವತ್ತೇ ಮುಡಿಯ ಭತ್ತವನ್ನು ಅಂಗಳದಲ್ಲಿ ಹರಡಿದರು. ಬಿಸಿಲಿಗೆ ಹುಳಗಳು ಹೊರಬಂದವು, ಕೋಳಿಗಳಿಗೆ ಹಬ್ಬ. ಬಾಗಿಯೂ ಗೇರಲು ಬಂದಳು. ಅರವತ್ತು ದಾಟಿದ ಹೆಂಗಸು, ಈ ಊರಿನಲ್ಲಿ ಮುಡಿ ಕಟ್ಟಲು ಬರುವವರಲ್ಲಿ ಕೊನೆಯವಳು. ಗೆರಸಿಯಲ್ಲಿ ಭತ್ತ ತೂರಿ ಜಳ್ಳನ್ನು ಹಾರಿಸುತ್ತ ಅವಳು ಸ್ನೇಹಲತಾಳ ಹತ್ತಿರ ಮಾತಿಗೆ ಕೂತಳು.

"ಹೊಗಿ ಇಲ್ದಿರೂ ಹೀಂಗ್ ಆಪ್ಕಿಲ್ಲ ಸ್ನೇಹಮ್ಮ. ನಮ್ ಮನಿಯಗೆ ಉದ್ದಿನ್ ಕಾಳ್ ಕಟ್ಟಿ ಇಟ್ಟದ್ ಹೊಗಿ ಕಾಂಬ್ದೇ ಇಲ್ಲ, ಗಟ್ಟಿ ಇತ್ತ್."

"ಮತ್ತೆಂತಕೆ ಬಂತ್ ಹುಳ?"

"ನಂಗೆಂತ ಗೊತ್ತ್. ಆ ಮುಡಿ ಕಟ್ಟುವತಿಗೆ ಮಾತ್ರ ನನ್ ಕಾಲ್ ಬೆಚ್ಚಗೆ ಆದ್ದ್ ನೆನ್ಪಿತ್ತ್. ಕಾಲಗೆ ಒತ್ತಿ ಹಿಡೂದಲ್ದಾ. ಮೋಡ ಕಟ್ಟಿತ್ತ್ ಕಾಣಿ, ಮಳಿ ಬತ್ತ್ ಅಂದೇಳಿ ಸಂಜಿಗೇ ಕಟ್ಟಿದ್ದ್. ಬಿಸಿ ಇತ್ತ್ ಅಮ್ಮ ಅಂದೆ. ಕುಸ್ಮಮ್ಮ ಕೈ ಹಾಕಿ ಕಂಡ್ರ್. ತಣ್ಣಗಿತ್ತ್, ಕಟ್ಟ್ ಅಂದ್ರ್. ಅವ್ರ್ ಕೈಯಕಿಂತ ನನ್ ಕಾಲ್ ದೊಡ್ದಾ?"

ಬಾಗಿ ಗೇರುವುದನ್ನು ಮುಂದುವರಿಸಿದಳು. ಸ್ನೇಹಲತಾ ಮಾತ್ರ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿಯನ್ನು ಹಾಗೇ ಹಿಡಿದು ನಿಂತಳು. ನಲವತ್ತೆಂಟು ಸಲ ತಪ್ಪದ ಕೈ ಅದು.

*

ಎರಡು ದಿನ ಕಳೆದು, ಶುಕ್ರವಾರ ಮಧ್ಯಾಹ್ನ. ಕುಚ್ಚಲಕ್ಕಿ ಅನ್ನದ ಪಾತ್ರೆಯನ್ನು ಬಸಿಯಲು ಇಳಿಸಬೇಕಿತ್ತು. ಸ್ನೇಹಲತಾ ಮಸಿಬಟ್ಟೆ ಹುಡುಕುತ್ತಿದ್ದಂತೆ ಕುಸುಮಕ್ಕ ಬರಿಗೈಯಲ್ಲಿ ಆ ಪಾತ್ರೆಯ ಅಂಚು ಹಿಡಿದು ಎತ್ತಿ, ನಿಧಾನವಾಗಿ ಕೆಳಗಿಟ್ಟರು. ಮುಖ ಸ್ವಲ್ಪವೂ ಬದಲಾಗಲಿಲ್ಲ.

ಸೊಸೆ ಅವರ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ತುದಿಗಳಲ್ಲಿ ಬೊಬ್ಬೆ ಏಳುತ್ತಿತ್ತು. ಪಕ್ಕದಲ್ಲಿ ಹಳೆಯ ಬೊಬ್ಬೆಗಳು ಒಣಗಿದ ಗುರುತು, ಒಂದಲ್ಲ, ನಾಲ್ಕಾರು.

"ಯಾವತ್ತಿಂದ, ಅತ್ತೆ?"

"ಎಂತ ಯಾವತ್ತಿಂದ? ಕೈ ಬಿಡ್. ಗಂಜಿ ತಿಳಿ ತಣಿತ್."

"ಸುಟ್ಟದ್ದ್ ಗೊತ್ತಾಯ್ಲ್ಯಾ ನಿಮ್ಗೆ?"

ಕುಸುಮಕ್ಕ ಕೈ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದರು. ಸ್ನೇಹಲತಾ ಹಿತ್ತಲಿಗೆ ಹೋಗಿ ಲೋಳೆಸರದ ಎಲೆ ಮುರಿದು ತಂದು, ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಬೆರಳು ಬೆರಳಿಗೂ ಹಚ್ಚಿದಳು. ಅಷ್ಟು ದಿನ ಕೇಳಿಸಿಕೊಂಡ ಮಾತಿಗೆಲ್ಲ ಉತ್ತರ ಈಗ ಅವಳ ಕೈಯಲ್ಲೇ ಇತ್ತು. ಗಂಡನ ಮುಂದೆ ಒಂದು ಮಾತು ಹೇಳಿದರೆ ಒಲೆಯ ತಕರಾರು ಅಲ್ಲಿಗೇ ಮುಗಿಯುತ್ತಿತ್ತು. ಸಂಜೆ ರಾಜೇಂದ್ರ ಬಂದು, "ಅಮ್ಮನ ಕೈಗೆ ಎಂತ ಆಯ್ತ್?" ಎಂದಾಗ ಅವಳು, "ಪಾತ್ರಿ ತಾಗ್ತ್," ಎಂದಷ್ಟೇ ಹೇಳಿದಳು.

ಒಳಗೆ ಹಾಸಿಗೆ ಬಿಡಿಸುತ್ತಿದ್ದ ಕುಸುಮಕ್ಕನಿಗೆ ಅದು ಕೇಳಿಸಿತು.

ಮರುದಿನ ಬೆಳಿಗ್ಗೆ ನೀರುದೋಸೆಯಾಯಿತು. ದುಗ್ಗಪ್ಪ ಶೆಟ್ಟರು ಎಂಟು ತಿಂದರು, ಕಾರಣ ಕೇಳಲಿಲ್ಲ.

*

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಬಂಗುಡೆ ಸಾರಿನ ಊಟ. ಬಡಿಸುವ ಮೊದಲು ಪ್ರಣೀತಾ ಒದ್ದೆ ಬಟ್ಟೆಯ ಗಂಟನ್ನು ತಂದು ಬಾಳೆಯೆಲೆಯ ಮೇಲೆ ಬಿಚ್ಚಿದಳು. ಬಿಳಿಯ ಮೊಳಕೆ ಬಂದದ್ದು ಒಂದು ಕಡೆ, ಬಾರದ್ದು ಇನ್ನೊಂದು ಕಡೆ. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ನಲ್ವತ್ತೊಂದ್," ಎಂದಳು ಮೆಲ್ಲಗೆ.

ರಾಜೇಂದ್ರ ಗೆದ್ದವನ ಮುಖ ಮಾಡಲಿಲ್ಲ. "ಸರಿ ಅಮ್ಮ. ನಾಳಿ ಸೊಸೈಟಿಗೆ ಹೋತೆ. ಬೇಜಾರ್ ಮಾಡ್ಬ್ಯಾಡ. ಒಲಿ ಹೋದ್ ಮೇಲೆ ಇದ್ ಇವತ್ತಲ್ದಿರೆ ನಾಳಿ ಆಪ್ದೇ."

"ಒಲಿ ಸುದ್ದಿ ಬಿಡ್," ಎಂದರು ಕುಸುಮಕ್ಕ.

ಎಲ್ಲರೂ ಅವರನ್ನು ನೋಡಿದರು. ಅವರು ಎರಡೂ ಕೈಗಳನ್ನು ತಟ್ಟೆಯ ಆಚೀಚೆ ಅಂಗಾತ ಇಟ್ಟರು.

"ಕುಣೂಕ್ ಬಾರ್ದವ್ಳ್ ನೆಲ ಡೊಂಕ್ ಅಂದಳಂಬ್ರ್. ಹಾಂಗ್ ಆಯ್ತ್ ನಂದ್. ಒಲಿದೂ ತಪ್ಪಿಲ್ಲ, ಸ್ನೇಹಂದೂ ತಪ್ಪಿಲ್ಲ. ನಾ ಬಿಸಿ ಭತ್ತ ಕಟ್ಸಿದ್ದ್. ಬಾಗಿ ಹೇಳಿದ್ಳ್ ಬಿಸಿ ಇತ್ತ್ ಅಂದೇಳಿ. ನನ್ ಕೈಗೆ ತಣ್ಣಗೆ ಕಂಡ್ತ್. ಈಗ ನನ್ ಕೈಗೆ ಎಲ್ಲ ತಣ್ಣಗೇ ಮಗಾ. ಹೋದ್ ದೀಪಾವಳಿಯಿಂದ ಬೆರಳ್ ಜೋಂ ಹಿಡ್ದ್, ಬಿಸಿ ತಣ್ಣಗೆ ಗೊತ್ತಾತ್ತಿಲ್ಲ."

"ಹೇಳುಕೆ ಎಂತ ಆಯ್ತ್ ಅಮ್ಮ?" ರಾಜೇಂದ್ರನ ದನಿ ಇಳಿದಿತ್ತು. "ನಿಂಗೆ ಶುಗರ್ ಇಪ್ದ್ ಗೊತ್ತಿದ್ದೂ ಸುಮ್ನೆ ಕೂಕಂಡ್ಯಾ?"

"ಹೇಳಿರೆ ಎಂತ ಮಾಡ್ತಿದ್ರಿ? ಒಲಿ ಬದಿಗೆ ಬರ್ಬ್ಯಾಡ, ಅಂಗ್ಳಕ್ಕೆ ಇಳೀಬ್ಯಾಡ, ಟೀವಿ ಎದ್ರ್ ಕೂಕೊ. ಮತ್ತೆ ನಾ ಈ ಮನಿಗೆ ಎಂತಕೆ?" ಅವರು ಸೊಸೆಯ ಕಡೆ ನೋಡಿದರು. "ಇವ್ಳಿಗೆ ಗೊತ್ತಿದ್ದಿತ್ತ್, ಶುಕ್ರವಾರದಿಂದ. ಒಂದ್ ಮಾತ್ ಯಾರಿಗೂ ಹೇಳ್ಳಿಲ್ಲ. ನಾ ಹೇಳಿದ್ದೆಲ್ಲ ಕೇಂಡ್ಕಂಡ್ ದ್ವಾಸಿ ಹೊಯ್ದ್ ಹಾಕ್ದ್ಳ್. ಅದನ್ನ ತಿಂದ್ ನಂಗೆ ಎರಡ್ ದಿನ ಜೀರ್ಣ ಆಯ್ಲಿಲ್ಲ."

ಸ್ನೇಹಲತಾ ಕಣ್ಣೊರೆಸಿಕೊಂಡಳು. "ಸಾಕ್ ಅತ್ತೆ. ಸಾರ್ ಆರ್ತ್, ಉಣ್ಣಿ."

ದುಗ್ಗಪ್ಪ ಶೆಟ್ಟರು ಬಾಳೆಯೆಲೆಯನ್ನು ಹತ್ತಿರ ಎಳೆದುಕೊಂಡು ಮೊಳಕೆಗಳನ್ನು ನೋಡುತ್ತಿದ್ದರು. ತಮಾಷೆ ಮಾಡದೆ ಅವರು ಇಷ್ಟು ಹೊತ್ತು ಇದ್ದದ್ದೇ ಹೆಚ್ಚು. "ಮಗಾ, ನಲ್ವತ್ತೊಂದ್ ಅಂದ್ರೆ ಸತ್ತದ್ದಲ್ಲ," ಎಂದರು. "ದೊಡ್ಡ್ ಗದ್ದಿಗೆ ನಿನ್ ಸೊಸೈಟಿ ಬೀಜ ಹಾಕ್. ಮನಿ ಎದ್ರಿನ ಸಣ್ಣ್ ಗದ್ದಿ ಇತ್ತಲ್ದಾ, ಅದ್ಕೆ ಇದ್ನ ಒತ್ತಾಗಿ ಹಾಕುವ. ಒಂದ್ ಮುಡಿ ಬೀಜ ಹುಟ್ರೆ ಸಾಕ್."

"ಅರ್ವತ್ತ್ ಅಂದಿದ್ದೆ ನಾ," ಎಂದ ರಾಜೇಂದ್ರ.

"ಅಪ್ಪ," ಎಂದಳು ಪ್ರಣೀತಾ, "ನಿಂಗೆ ಎಸ್ಸೆಸೆಲ್ಸಿಯಗೆ ಎಷ್ಟ್ ಬಂದಿತ್ತ್?"

ಅಜ್ಜಯ್ಯ ಮೊದಲು ನಕ್ಕರು. ರಾಜೇಂದ್ರ ಮಗಳನ್ನು ನೋಡಿ, ಅಮ್ಮನ ಕೈಗಳನ್ನು ನೋಡಿ, ಅನ್ನಕ್ಕೆ ಸಾರು ಸುರಿದುಕೊಂಡ. "ಆಯ್ತ್ ಮರ್ರೆ. ಸಣ್ಣ್ ಗದ್ದಿ ಅಜ್ಜಿದ್. ಆದ್ರೆ ನಾಳಿ ಅಮ್ಮ ನನ್ನೊಟ್ಟಿಗೆ ಡಾಕ್ಟ್ರ ಹತ್ರ ಬರ್ಕ್."

*

ಆ ವರ್ಷ ಮಳೆ ಹದವಾಗಿ ಬಂತು. ಉಪ್ಪುನೀರಿನಲ್ಲಿ ತೇಲಿದ ಕಾಳನ್ನೆಲ್ಲ ತೆಗೆದು, ಮುಳುಗಿದ್ದನ್ನು ಮಾತ್ರ ಬಿತ್ತಿದರು. ಅಗೆ ಅಲ್ಲಲ್ಲಿ ತೆಳ್ಳಗೆ ಬಂದರೂ ಸಣ್ಣ ಗದ್ದೆ ತುಂಬಿತು. ಡಾಕ್ಟರು ಗುಳಿಗೆ ಕೊಟ್ಟರು, ಬೆರಳಿನ ಜೋಮು ಪೂರ್ತಿ ಹೋಗುವುದು ಕಷ್ಟ ಎಂದರು. ಸ್ನೇಹಲತಾ ಅಡುಗೆಮನೆಯ ಮೊಳೆಗೆ ನಾಲ್ಕು ಮಸಿಬಟ್ಟೆ ತೂಗುಹಾಕಿದಳು. ಕುಸುಮಕ್ಕನನ್ನು ಯಾರೂ ಹೊರಗೆ ಕಳಿಸಲಿಲ್ಲ.

ನವೆಂಬರಿನಲ್ಲಿ ಕಜೆ ಕೊಯ್ಲಾಯಿತು. ಒಂದು ಮುಡಿಯಾಗಿ ಮೇಲೆ ಮೂರು ಸೇರು. ಕುಸುಮಕ್ಕ ಜಗಲಿಯಲ್ಲಿ ಕೂತು ಹೇಳಿದಂತೆ ಸ್ನೇಹಲತಾ ಚಾಪೆಯ ಮೇಲೆ ಭತ್ತ ಹರಡಿ, ಹೊತ್ತಿಗೊಮ್ಮೆ ಕಾಲಿನಿಂದ ಗೆರೆ ಎಳೆದು ಮಗುಚಿದಳು. ಎರಡು ಬಿಸಿಲು, ಎರಡು ಇಬ್ಬನಿ ಕಳೆಯಿತು. ಮೂರನೇ ದಿನ ಹೊತ್ತು ಇಳಿಯುವಾಗ ಪಡುವಣದಲ್ಲಿ ಮತ್ತೆ ಮೋಡ ಕಟ್ಟಿತು.

"ಈಗ್ಲೇ ಕಟ್ಟಿ ಬಿಡಿ," ಎಂದ ರಾಜೇಂದ್ರ. "ಒದ್ದಿ ಆದ್ರೆ ಇದ್ದದ್ದೂ ಹೋತ್ತ್."

ಬಾಗಿ ಹುಲ್ಲು ಹಿಡಿದು ನಿಂತಿದ್ದಳು. ಸ್ನೇಹಲತಾ ಬಳೆ ಮೇಲೆ ಸರಿಸಿ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. "ಒಳ್ಗೆ ಇನ್ನೂ ಬಿಸಿ ಇತ್ತ್, ಅತ್ತೆ."

"ಹಾಂಗಾರೆ ಕಟ್ಟುದ್ ಬ್ಯಾಡ," ಎಂದರು ಕುಸುಮಕ್ಕ. "ರಾಜೇಂದ್ರ, ಟರ್ಪಾಲ್ ತಂದ್ ಬದಿಗಿಟ್ಕೊ. ಮಳಿ ಬಂದ್ರೆ ಮುಚ್ಚುವ."

ಮಳೆ ಬರಲಿಲ್ಲ. ಮೋಡ ಘಟ್ಟದ ಕಡೆ ಸರಿಯಿತು. ಬೆಳಿಗ್ಗೆ ಮೊದಲ ಕಾಗೆ ಕೂಗುವ ಹೊತ್ತಿಗೆ ಎಲ್ಲರೂ ಅಂಗಳದಲ್ಲಿದ್ದರು. ಭತ್ತದ ಮೇಲೆ ಇಬ್ಬನಿಯ ತೇವ ಆರಿ ನಸುಗೆಂಪು ಬಣ್ಣ ಕಾಣುತ್ತಿತ್ತು. ಸ್ನೇಹಲತಾ ಮತ್ತೆ ಕೈ ಇಳಿಸಿದಳು, ತಳದವರೆಗೆ.

"ಈಗ?" ಎಂದು ಕೇಳಿದರು ಕುಸುಮಕ್ಕ.

"ಈಗ ತಣ್ಣಗಿತ್ತ್."

ಬಾಗಿ ಅಭ್ಯಾಸದಂತೆ ಕುಸುಮಕ್ಕನ ಕಡೆ ನೋಡಿದಳು, ಅವರು ಇಳಿದು ಬಂದು ಕೈ ಹಾಕಿ ನೋಡಲಿ ಎಂದು. ದೋಣಿ ಹತ್ತುವಾಗ ಅಮ್ಮ ಹೇಳಿದ ಮಾತನ್ನು ಕುಸುಮಕ್ಕ ಮರೆತಿರಲಿಲ್ಲ. ಅವರು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಕೂತಲ್ಲಿಂದ ಏಳದೆ ಹೇಳಿದರು.

"ನನ್ನ ಎಂತ ಕಾಂತೆ ಬಾಗಿ? ತಣ್ಣಗಿತ್ತ್ ಅಂದ್ಳಲ್ಲ. ಕಟ್ಟ್."